ಒಬ್ಬರು ಹೊರಗೆ, ಇನ್ನೊಬ್ಬರು ಒಳಗೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಅಮೆರಿಕದ ಶಿಕಾಗೋಗೆ ಹೋಗೋಣ, 1998ಕ್ಕೆ.

ಆಂಥನಿ ಪೋರ್ಟರ್ ಅಂತ ಒಬ್ಬ ಕೈದಿ. 1982ರಲ್ಲಿ ವಾಷಿಂಗ್ಟನ್ ಪಾರ್ಕ್‌ನ ಈಜುಕೊಳದ ಹತ್ತಿರ ಇಬ್ಬರು ಹದಿಹರೆಯದವರನ್ನು ಗುಂಡಿಟ್ಟು ಕೊಂದ ಕೇಸಲ್ಲಿ ಮರಣದಂಡನೆ ಆಗಿತ್ತು. ಅದಕ್ಕೆ ಇನ್ನು ಸುಮಾರು 50 ಗಂಟೆ ಇದೆ ಅನ್ನುವಾಗ ಇಲಿನಾಯ್ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಿರಪರಾಧಿ ಅಂತಲ್ಲ. ಪೋರ್ಟರ್ ಐಕ್ಯೂ 51 ಅಂತ ಬಂದಿತ್ತು. ಶಿಕ್ಷೆ ಅಂದ್ರೇನು ಅನ್ನೋದಾದರೂ ಅವರಿಗೆ ಅರ್ಥ ಆಗುತ್ತಾ ಅನ್ನೋ ಪ್ರಶ್ನೆ ಎದ್ದಿತ್ತು.

ಸಿಕ್ಕ ಆ ಸಮಯದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳು ಪ್ರೊಫೆಸರ್ ಡೇವಿಡ್ ಪ್ರೋಟೆಸ್ ಜೊತೆ ಕೇಸನ್ನು ಮತ್ತೆ ಕೆದಕಿದರು. ನಿಮ್ಮದೇ ವಯಸ್ಸಿನವರು. ಪಾರ್ಕಿಗೇ ಹೋಗಿ, ಸಾಕ್ಷಿ ಹೇಳಿದ ಹಾಗೆ ನಿಂತು ನೋಡಿದರು. ಹೊಂದಲಿಲ್ಲ. ಆಮೇಲೆ ಸಾಕ್ಷಿಯೇ ಹೇಳಿಕೆ ವಾಪಸ್ ತಗೊಂಡರು, ಪೊಲೀಸರ ಒತ್ತಡ ಇತ್ತು ಅಂದರು. 1999ರ ಫೆಬ್ರವರಿಯಲ್ಲಿ ತಂಡದ ಖಾಸಗಿ ಪತ್ತೇದಾರರು ಆಲ್‌ಸ್ಟೋರಿ ಸೈಮನ್ ಅನ್ನೋರಿಂದ ಕ್ಯಾಮೆರಾ ಮುಂದೆ ತಪ್ಪೊಪ್ಪಿಗೆ ಪಡೆದರು. ಎರಡೇ ದಿನದಲ್ಲಿ ಪೋರ್ಟರ್ ಹೊರಗೆ!

ಗವರ್ನರ್ ಜಾರ್ಜ್ ರಯಾನ್ ಮರಣದಂಡನೆ ಪರ ಇದ್ದವರು. (ಮುಂದೆ ಭ್ರಷ್ಟಾಚಾರದ ಕೇಸಲ್ಲಿ ಅವರೂ ಜೈಲು ನೋಡಿದರು, ಅದು ಬೇರೆ ಕಥೆ.) ಪೋರ್ಟರ್ ಕೇಸು ಅವರನ್ನು ಅಲ್ಲಾಡಿಸಿತು. 1977ರಿಂದ ಈಚೆಗೆ ಆ ರಾಜ್ಯದಲ್ಲಿ 12 ಜನರಿಗೆ ಮರಣದಂಡನೆ ಜಾರಿಯಾಗಿತ್ತು, 13 ಜನ ತಪ್ಪು ತೀರ್ಪು ಅಂತ ಬಿಡುಗಡೆ ಆಗಿದ್ದರು. 2000ದ ಜನವರಿಯಲ್ಲಿ ರಯಾನ್ ಮರಣದಂಡನೆ ನಿಲ್ಲಿಸಿದರು. 2011ರಲ್ಲಿ ರಾಜ್ಯ ಅದನ್ನು ರದ್ದೇ ಮಾಡಿತು.

ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಥರ ಇರ್ತಿತ್ತು.

ಸೈಮನ್ ಕೋರ್ಟಲ್ಲೂ ತಪ್ಪೊಪ್ಪಿಕೊಂಡರು, 37 ವರ್ಷ ಶಿಕ್ಷೆ ಆಯ್ತು. ಆಮೇಲೆ ಹೇಳಿದರು: ಪತ್ತೇದಾರರು ನನಗೆ ಒಂದು ವಿಡಿಯೋ ತೋರಿಸಿದ್ರು, ಕೊಲೆ ನೋಡಿದೆ ಅಂತ ಒಬ್ಬ ನನ್ನ ಹೆಸರು ಹೇಳ್ತಿದ್ದ. ಆ 'ಸಾಕ್ಷಿ' ಒಬ್ಬ ನಟ! ಸೈಮನ್‌ಗೆ ವಕೀಲರನ್ನು ಗೊತ್ತುಮಾಡಿದ್ದೂ ಅದೇ ಪತ್ತೇದಾರರು.

ನ್ಯೂಯಾರ್ಕಿನ ಕಾರ್ಡೋಜೋ ಲಾ ಸ್ಕೂಲ್‌ನಲ್ಲಿ 1992ರಲ್ಲಿ ಶುರುವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ನೆಚ್ಚಿಕೊಂಡಿದ್ದು ಡಿಎನ್‌ಎ ಪರೀಕ್ಷೆಯನ್ನ. ಈ ಕೇಸಲ್ಲಿ ಇದ್ದಿದ್ದು ಬರೀ ಬಾಯಿಮಾತು. ಸಾಕ್ಷಿಯ ಮಾತನ್ನು ಅನುಮಾನಿಸಿದ್ದು ಸರಿ ಅಂತಲೇ ನನಗನ್ನಿಸುತ್ತೆ. ತಪ್ಪೊಪ್ಪಿಗೆಯನ್ನೂ ಅಷ್ಟೇ ಅನುಮಾನಿಸಬೇಕಿತ್ತು.

2014ರ ಅಕ್ಟೋಬರ್‌ನಲ್ಲಿ ಸರ್ಕಾರಿ ವಕೀಲರೇ ಕೇಸು ಕೈಬಿಟ್ಟರು. 15 ವರ್ಷ ಒಳಗಿದ್ದ ಸೈಮನ್ ಹೊರಬಂದರು. ಕೊಂದವರು ಯಾರು ಅಂತ ಆವತ್ತೂ ಯಾರೂ ಹೇಳಲಿಲ್ಲ.