ಎದೆಬಡಿತ ನಿಂತಿತೋ, ಕೇಳಿಸದಾಯಿತೋ

ನಮ್ಮಂಥ ಶಿಕ್ಷಕಿಯರಿಗೆ ಕ್ಲಸ್ಟರ್ ಎಂದರೆ ನೆನಪಾಗುವುದು ಸಿ.ಆರ್.ಪಿ., ಸಮಾಲೋಚನಾ ಸಭೆ, ಮಧ್ಯಾಹ್ನದ ಚಿತ್ರಾನ್ನ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಮಗಳ ಬಾಯಲ್ಲಿ ಅದೇ ಮಾತಿಗೆ ಬೇರೆಯೇ ಅರ್ಥ. ಒಂದು ಯಂತ್ರ ಕೆಟ್ಟರೂ ಕೆಲಸ ನಿಲ್ಲದಿರಲೆಂದು ಎರಡು ಮೂರು ಯಂತ್ರಗಳನ್ನು ಜೋಡಿಸಿ ಒಂದೇ ಸಂಸಾರದಂತೆ ನಡೆಸುವುದು ಅವರ ಕ್ಲಸ್ಟರ್. ರಾತ್ರಿ ಎರಡು ಗಂಟೆಗೆ ಅವಳ ಫೋನ್ ಕೂಗುವುದೂ ಇದರ ದೆಸೆಯಿಂದಲೇ. ಯಂತ್ರದ ಒಳಗುಟ್ಟು ನನಗೆ ತಿಳಿಯದು. ಆದರೆ ಇತಿಹಾಸದ ಪಾಠ ಮಾಡುವವಳು, ಇದು ಯಾವಾಗ ಹುಟ್ಟಿತು, ಯಾಕೆ ಹುಟ್ಟಿತು ಎಂದು ಕೇಳದೆ ಬಿಡುತ್ತೇನೆಯೆ?

ಲಿನಕ್ಸ್ ಹುಟ್ಟುವ ಮೊದಲೇ ಈ ಚಿಂತೆ ಹುಟ್ಟಿತ್ತು. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಟ್ರೈಬಿಗ್ ಮತ್ತು ಸಂಗಡಿಗರು ಟ್ಯಾಂಡೆಮ್ ಎಂಬ ಕಂಪನಿ ಕಟ್ಟಿದರು. ಅವರ ಯಂತ್ರದಲ್ಲಿ ಮುಖ್ಯವಾದ ಭಾಗಗಳೆಲ್ಲ ಜೋಡಿ. ಒಂದು ಕೈಕೊಟ್ಟರೆ ಇನ್ನೊಂದು ಮುಂದುವರಿಸಬೇಕು. 1976ರಲ್ಲಿ ಮೊದಲ ಯಂತ್ರ ಹೋದದ್ದು ಸಿಟಿಬ್ಯಾಂಕಿಗೆ. ಸಹಜವೇ, ಲೆಕ್ಕ ನಿಂತರೆ ಮೊದಲು ಎದೆಯೊಡೆಯುವುದು ಬ್ಯಾಂಕಿನವರಿಗೆ. 1983ರಲ್ಲಿ ಡಿಜಿಟಲ್ ಕಂಪನಿ ತನ್ನ ವ್ಯಾಕ್ಸ್ ಕಂಪ್ಯೂಟರುಗಳನ್ನು ಗುಂಪಾಗಿ ದುಡಿಸುವ ವಿಧಾನ ತಂದಿತು. ಎರಡೂ ಸಿರಿವಂತರ ಸೊತ್ತು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಎಲ್ಲರಿಗೂ ಹಂಚಿದ ಮೇಲೆ ಸಾಧಾರಣ ಯಂತ್ರಗಳಿಗೂ ಆ ಭಾಗ್ಯ ಬರುವ ದಾರಿ ತೆರೆಯಿತು. 1998ರ ಸುಮಾರಿಗೆ ಅಲನ್ ರಾಬರ್ಟ್‌ಸನ್ ಎಂಬುವರು ಹಾರ್ಟ್‌ಬೀಟ್ ಎಂಬ ತಂತ್ರಾಂಶ ಬರೆದರು. ಎದೆಬಡಿತ! ಎರಡು ಯಂತ್ರಗಳ ನಡುವೆ ಒಂದು ತಂತಿ, ಆ ತಂತಿಯಲ್ಲಿ ಗಳಿಗೆಗೊಮ್ಮೆ ‘ನಾನಿದ್ದೇನೆ’ ಎಂಬ ಸುದ್ದಿ. ಸುದ್ದಿ ನಿಂತರೆ ಎರಡನೆಯದು ಮೊದಲನೆಯದರ ವಿಳಾಸವನ್ನೇ ತನ್ನದಾಗಿಸಿಕೊಂಡು ಕೆಲಸಕ್ಕೆ ಕೂರುತ್ತದೆ. ಹೊರಗಿನವರಿಗೆ ಬದಲಾದದ್ದೇ ತಿಳಿಯದು. ಆದರೆ ಕೂರುವವಳ ಕೈಯಲ್ಲಿ ಹಳೆಯ ಲೆಕ್ಕದ ಪುಸ್ತಕವೂ ಇರಬೇಕಲ್ಲ? ಅದಕ್ಕೆ ವಿಯೆನ್ನಾದ ಫಿಲಿಪ್ ರೈಸ್ನರ್ ಒಂದು ಯಂತ್ರದಲ್ಲಿ ಬರೆದದ್ದೆಲ್ಲ ಆಗಿಂದಾಗಲೇ ಇನ್ನೊಂದರಲ್ಲೂ ಮೂಡುವ ಏರ್ಪಾಟು ಮಾಡಿದರು. ಡಿ.ಆರ್.ಬಿ.ಡಿ. ಎಂಬ ಅದು 2010ರಲ್ಲಿ ಲಿನಕ್ಸಿನ ತಿರುಳಿನೊಳಗೇ ಸೇರಿತು.

ಇಷ್ಟಾದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ‘ಅಮ್ಮಾ, ನಿಜವಾದ ಕಷ್ಟ ಶುರುವಾಗುವುದೇ ಇಲ್ಲಿ’ ಎಂದಳು ಮಗಳು. ಎದೆಬಡಿತ ಕೇಳಿಸಲಿಲ್ಲವೆಂದರೆ ಯಂತ್ರ ಸತ್ತಿದೆ ಎಂದೇ ಅರ್ಥವೆ? ನಡುವಿನ ತಂತಿ ಮಾತ್ರ ತುಂಡಾಗಿರಬಹುದು. ಆಗ ಮೊದಲನೆಯದು ಬದುಕಿದ್ದು ಕೆಲಸ ಮಾಡುತ್ತಲೇ ಇರುತ್ತದೆ. ಎರಡನೆಯದೂ ಅಧಿಕಾರ ವಹಿಸಿಕೊಂಡುಬಿಡುತ್ತದೆ.

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದರು, ಹಿರಿಯ ಶಿಕ್ಷಕರೊಬ್ಬರು ಇನ್‌ಚಾರ್ಜ್. ಜೂನ್ ತಿಂಗಳು, ದಾಖಲಾತಿಯ ನೂಕುನುಗ್ಗಲು. ಇವರು ಶಾಲೆಯಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರೆ ಅವರು ಮನೆಗೆ ಬಂದ ಪೋಷಕರಿಗೂ ಬರೆದುಕೊಡುತ್ತಿದ್ದರು. ಒಂದೇ ದಾಖಲಾತಿ ಸಂಖ್ಯೆ ಇಬ್ಬರು ಹುಡುಗಿಯರಿಗೆ ಹೋಯಿತು. ಯಾರದನ್ನು ಹೊಡೆದುಹಾಕುವುದು? ಇಬ್ಬರ ಕೈಯಲ್ಲೂ ಸಹಿ ಮೊಹರು ಇದ್ದ ಕಾಗದ. ಶಾಲೆ ಒಂದು ದಿನ ಮುಚ್ಚಿದ್ದರೆ ಇಷ್ಟು ತೊಂದರೆಯಾಗುತ್ತಿರಲಿಲ್ಲ.

ಕಂಪ್ಯೂಟರಿನವರು ಇದನ್ನು ಒಡೆದ ಮಿದುಳು ಎನ್ನುತ್ತಾರೆ. ಅದಕ್ಕೆ ಎರಡು ಮದ್ದು. ಮೊದಲನೆಯದು ಮತ ಎಣಿಕೆ: ಅರ್ಧಕ್ಕಿಂತ ಹೆಚ್ಚು ಮತ ತನ್ನ ಕಡೆಗಿದ್ದರೆ ಮಾತ್ರ ಕೆಲಸ ಮಾಡು, ಇಲ್ಲವಾದರೆ ಕೈಕಟ್ಟಿ ಕೂರು. ವ್ಯಾಕ್ಸ್ ಗುಂಪಿನಲ್ಲೇ ಇದು ಇತ್ತು. ಇಬ್ಬರೇ ಇದ್ದಾಗ ಒಂದಕ್ಕೊಂದು ಮತ, ತೀರ್ಮಾನವಾಗದು. ಅದಕ್ಕೇ ಮೂರು ಯಂತ್ರಗಳಿರಬೇಕು, ಇಲ್ಲವೆ ಸಾಕ್ಷಿಗಾದರೂ ಮೂರನೆಯದೊಂದು. ಎರಡನೆಯ ಮದ್ದಿನ ಹೆಸರು ಸ್ಟೋನಿತ್. ‘ಇನ್ನೊಂದರ ತಲೆಗೆ ಗುಂಡು ಹೊಡೆ’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಛೆ, ಎಂಥ ಹೆಸರು ಎಂದು ಮುಖ ಸಿಂಡರಿಸಿದೆ. ನಿಜಕ್ಕೂ ಅಲ್ಲಿ ನಡೆಯುವುದು ಇಷ್ಟೇ: ಅಧಿಕಾರ ವಹಿಸಿಕೊಳ್ಳುವ ಮುಂಚೆ ಹಳೆಯ ಯಂತ್ರದ ವಿದ್ಯುತ್ತನ್ನೇ ತೆಗೆದುಹಾಕಿ, ಅದು ಆರಿದೆ ಎಂದು ಖಚಿತಪಡಿಸಿಕೊಳ್ಳುವುದು. ಹೆಸರು ಒರಟು, ವಿವೇಕ ದೊಡ್ಡದು. ಹಾರ್ಟ್‌ಬೀಟಿನಿಂದ ಬೇರ್ಪಟ್ಟು 2008ರ ಹೊತ್ತಿಗೆ ಸ್ವತಂತ್ರವಾದ ಪೇಸ್‌ಮೇಕರ್ ಎಂಬ ತಂತ್ರಾಂಶದಲ್ಲೂ ಈ ಏರ್ಪಾಟಿದೆ. ಇದನ್ನು ಹೊಂದಿಸುವ ತಾಪತ್ರಯವೇಕೆಂದು ಕೆಲವರು ಬಿಟ್ಟುಬಿಡುತ್ತಾರಂತೆ. ಇನ್ನು ಕೆಲವರು ಎರಡು ಯಂತ್ರ ಕೊಂಡು ಎರಡನ್ನೂ ಒಂದೇ ಯು.ಪಿ.ಎಸ್.ಗೆ ಸಿಕ್ಕಿಸುತ್ತಾರಂತೆ. ಮಗಳು ಇದನ್ನು ಹೇಳುವಾಗ ಅವಳ ಮುಖ ನೋಡಬೇಕು!

ಇಷ್ಟೆಲ್ಲ ಬಲ್ಲವರಿಗೂ ಎಡವಟ್ಟು ತಪ್ಪಿದ್ದಲ್ಲ. ಪ್ರಪಂಚದ ತಂತ್ರಾಂಶ ಬರೆಯುವವರೆಲ್ಲ ತಮ್ಮ ಬರವಣಿಗೆಯನ್ನು ಇಡುವ ಗಿಟ್‌ಹಬ್ ಎಂಬ ಉಗ್ರಾಣವಿದೆ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಅದರ ಮುಖ್ಯ ಕೇಂದ್ರದ ಸಂಪರ್ಕ ಬರೀ 43 ಸೆಕೆಂಡು ತಪ್ಪಿತು. ಅಷ್ಟರಲ್ಲೇ ಮತ ಎಣಿಕೆ ನಡೆದು ಯಜಮಾನಿಕೆ ಪಶ್ಚಿಮ ಕರಾವಳಿಯ ಯಂತ್ರಗಳಿಗೆ ಹೋಯಿತು. ನಿಯಮದ ಪ್ರಕಾರ ಎಲ್ಲ ಸರಿ. ಆದರೆ ಪೂರ್ವದಲ್ಲಿ ಬರೆದಿದ್ದ ಕೆಲವು ಸಾಲುಗಳು ಇನ್ನೂ ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಆಗಲೇ ಹೊಸದು ಬರೆಯತೊಡಗಿದ್ದರು. ಎರಡು ಪುಸ್ತಕ, ಎರಡೂ ಅಸಲಿ.

ತರಾತುರಿಯಲ್ಲಿ ಒಂದನ್ನು ಎಸೆದು ಬಾಗಿಲು ತೆರೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಜನ ಬೈದರೂ ಬೈಯಲಿ, ಬರೆದದ್ದು ಕಳೆಯಬಾರದೆಂದು ಕೆಲವು ಸೇವೆಗಳನ್ನು ತಾವಾಗಿಯೇ ತಡೆಹಿಡಿದು, ಹಳೆಯ ಪ್ರತಿಗಳಿಂದ ಮತ್ತೆ ತುಂಬಿಸುತ್ತ ಕೂತರು. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ತುಂಬ ಓಡಾಟವಿದ್ದ ಯಂತ್ರಗಳ ಗುಂಪೊಂದರಲ್ಲೇ ಹೀಗೆ ಅತಂತ್ರವಾದ ಬರಹಗಳು 954. ಅವುಗಳಲ್ಲಿ ಯಾವುದನ್ನು ಯಂತ್ರವೇ ಹೊಂದಿಸಬಲ್ಲದು, ಯಾವುದಕ್ಕೆ ಬರೆದವರನ್ನೇ ಕೇಳಬೇಕು ಎಂದು ವಿಂಗಡಿಸುವ ಕೆಲಸ ಬಾಗಿಲು ತೆರೆದ ಮೇಲೂ ನಡೆದೇ ಇತ್ತು.