ನೀರಿನ ಕಥಿ, ಭಾಗ 4: ಬೋರಿನ ನೀರಾಗ ನಿಯಾನ್ ಯಾಕ ಮರಿ ಮಾಡಂಗಿಲ್ಲ?

ನಮ್ಮ ಕಡೆ ಮೀನು ಸಾಕೋ ಹುಡುಗರ ಮನ್ಯಾಗ ಗಪ್ಪಿ ಮರಿಗೆ ಬರ ಇಲ್ಲ. ಬಾಟಲಿಯೊಳಗ, ಬಕೆಟಿನೊಳಗ, ಕೊನೀಗೆ ದನದ ನೀರಿನ ತೊಟ್ಟಿಯೊಳಗೂ ಮರಿ. ಅದೇ ನೀರಾಗ ನಿಯಾನ್ ಟೆಟ್ರಾ ಮೊಟ್ಟಿ ಇಟ್ರ, ಬೆಳ್ಳಗಾಗಿ ಬೂಷ್ಟು ಹಿಡಿದು ಹೋಗತಾವ. "ಅವನ ಕೈಗುಣ ಛಲೋ ಐತಿ, ಇವನದು ಇಲ್ಲ" ಅಂತ ಮಾತಾಡ್ಕೊಂತಾರ. ಕೈಗುಣ ಅಲ್ರಿ, ನೀರಿನ ಗುಣ. ಆ ನೀರಿಗೂ ಒಂದು ಚರಿತ್ರೆ ಐತಿ.

ಕರ್ಜಗಿ ವರದಾ ನದಿ ದಂಡಿ ಮ್ಯಾಲಿನ ಊರು. (ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ಹೆಸರಿನ ತಾಲೂಕೇ ಇತ್ತು, ಹಾವೇರಿ ದೋಸ್ತರು ಕೇಳಿಸ್ಕೊಳ್ರಿ.) ವರದೆ ಹುಟ್ಟೋದು ಸಾಗರ ತಾಲೂಕಿನ ವರದಾಮೂಲದಾಗ. ಬನವಾಸಿ ಸುತ್ತಿ, ನಮ್ಮ ಕಡೆ ಇಳಿದು, ಗಳಗನಾಥದ ಹತ್ರ ತುಂಗಭದ್ರೆಗೆ ಸೇರತಾಳ. ಮಲೆನಾಡಿನ ಮಳಿ ನೀರು ಕಲ್ಲು ಮಣ್ಣಿನ ಜೋಡಿ ಬಾಳ ಹೊತ್ತು ಕೂಡಂಗಿಲ್ಲ, ಹರಿದು ಬಂದುಬಿಡತೈತಿ. ಅದಕ್ಕ ಅದರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಇದು ಮೆದು ನೀರು. ಬೋರಿನ ನೀರು ಹಂಗಲ್ಲ. ಕರಿಮಣ್ಣಿನ ಸುಣ್ಣದ ಹರಳು ಕರಗಿಸ್ಕೊಂಡು, ಬಂಡೆಯ ಬಿರುಕಿನಾಗ ವರ್ಷಗಟ್ಟಲೆ ಕುಂತಿರತೈತಿ. ಹಂಡೆ ತಳದ ಬೆಳ್ಳನ ಪದರ, ನೊರೆ ಬಾರದ ಸಬಕಾರ, ಎಷ್ಟು ಕುದಿಸಿದರೂ ಬೇಯದ ಬ್ಯಾಳಿ, ಎಲ್ಲಾ ಅದರದೇ ಕೆಲಸ.

ನಮ್ಮ ಅಜ್ಜ-ಅಜ್ಜಿ ಕಾಲಕ್ಕ ಹೊಳಿ, ಕೆರಿ, ಸೇದೋ ಬಾವಿ ಇದ್ದವು. ಬಾವಿಯೊಳಗೂ ಸವಳು ನೀರು ಇರತಿತ್ತು, ಆದ್ರ ಆರಿಸ್ಕೊಳ್ಳಾಕ ಬೇರೆ ನೀರು ಇತ್ತು. 1966-67ರ ಬರಗಾಲದ ಹೊತ್ತಿಗೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನ ಯುನಿಸೆಫ್ ಭಾರತಕ್ಕೆ ತರಿಸಿತು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ತಯಾರಾಯಿತು. ಅಲ್ಲಿಂದ ಎರಡೇ ತಲೆಮಾರಿನಾಗ ಬಯಲುಸೀಮೆಯ ಮನೆ ನೀರು ಮಳಿ ನೀರಿನಿಂದ ಬಂಡೆ ನೀರಿಗೆ ಬದಲಾತು. ನಮ್ಮ ಗಾಜಿನ ತೊಟ್ಟಿಯೊಳಗ ಯಾವ ಮೀನು ಹುಟ್ಟಬೇಕು, ಯಾವುದು ಹುಟ್ಟಬಾರದು ಅನ್ನೋದು ಅವತ್ತೇ ಅರ್ಧ ತೀರ್ಮಾನ ಆಗಿಹೋತು ಅಂತ ನನಗ ಅನಸ್ತೈತಿ.

ಗಡಸುತನ ಅಳೆಯುವ ಬುದ್ಧಿ ಮೊದಲು ಬಂದದ್ದು ಮೀನಿಗಾಗಿ ಅಲ್ಲ, ಸಬಕಾರಕ್ಕಾಗಿ. ಸ್ಕಾಟ್ಲೆಂಡಿನ ಅಬರ್ಡೀನಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್, ನೊರೆ ನಿಲ್ಲಾಕ ಎಷ್ಟು ಸಬಕಾರದ ದ್ರಾವಣ ಬೇಕು ಅಂತ ನೋಡಿ ಗಡಸುತನಕ್ಕ ಡಿಗ್ರಿ ಕಟ್ಟಿದ. 1841ರಲ್ಲಿ ನೀರು ಮೆದು ಮಾಡುವ ವಿಧಾನಕ್ಕ ಪೇಟೆಂಟ್ ತಗೊಂಡ. ಮಜಾ ಅಂದ್ರ ಸುಣ್ಣ ಹಾಕಿಯೇ ಸುಣ್ಣ ತೆಗೆಯೋ ವಿಧಾನ ಅದು! ಉಗಿಬಂಡಿ ಓಡಿಸೋರಿಗೂ ಈ ಲೆಕ್ಕ ಬೇಕಿತ್ತು, ಬಾಯ್ಲರಿನೊಳಗ ಸುಣ್ಣ ಕಟ್ಟತಿತ್ತಲ್ಲ. ಅಕ್ವೇರಿಯಂ ಮಂದಿ ಇವತ್ತಿಗೂ ಬಳಸೋದು ಜರ್ಮನ್ ಡಿಗ್ರಿ: 1 ಡಿಗ್ರಿ ಅಂದ್ರ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್.

ಈಗ ನಿಯಾನ್ ಕಥಿ. 1934ರಲ್ಲಿ ಅಮೆಜಾನಿನ ಮೇಲ್ಭಾಗದಲ್ಲಿ ಒಗಸ್ಟ್ ರಾಬೋ ಅನ್ನೋ ಫ್ರೆಂಚ್ ಮನುಷ್ಯನ ಕೈಗೆ ಸಿಕ್ಕ ಮೀನು. 1936ರಲ್ಲಿ ಜಾರ್ಜ್ ಮೈಯರ್ಸ್ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ಜಗತ್ತೆಲ್ಲ ಮುಗಿಬಿದ್ದು ಕೊಂಡರೂ ಮರಿ ಮಾಡಿಸೋದು ಮಾತ್ರ ಕಷ್ಟ ಇತ್ತು. ಗುಟ್ಟು ಇದ್ದದ್ದು ಮಳಿ ನೀರಿನಂಥ ಮೆದುವಾದ, ತುಸು ಹುಳಿ ನೀರಿನಾಗ, ಮತ್ತ ಕತ್ತಲಿನಾಗ. ಮೊಟ್ಟಿಗೆ ಬೇಕಾದ ಗಡಸುತನ 1-2 ಡಿಗ್ರಿ, ಅಂದ್ರ ಲೀಟರಿಗೆ 35 ಮಿಲಿಗ್ರಾಂ ಒಳಗ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಿಗೆ. ಮನುಷ್ಯಾ ಕುಡಿಬಹುದಾದ ನೀರಾಗ ನಿಯಾನ್ ಹುಟ್ಟಂಗಿಲ್ಲ!

ಯಾಕಂದ್ರ ಮೊಟ್ಟಿ ನೀರಿಗೆ ಬಿದ್ದ ಕೂಡಲೇ ನೀರು ಹೀರಿ ಉಬ್ಬತೈತಿ, ಮ್ಯಾಲಿನ ಪೊರೆ ಗಟ್ಟಿ ಆಗತೈತಿ. ಈ ಎರಡೂ ಕೆಲಸದಾಗ ಸುತ್ತಲಿನ ನೀರಿನ ಕ್ಯಾಲ್ಸಿಯಂ ಕೈ ಹಾಕತೈತಿ. ಮೆದು ನೀರಿನ ಹೊಳಿ ಮೀನಿಗೆ ಕ್ಯಾಲ್ಸಿಯಂ ಜಾಸ್ತಿ ಆದ್ರ ಮೊಟ್ಟಿ ಫಲಿಸೋದೇ ಕಡಿಮೆ ಆಗತೈತಿ. ಹಂಗಂತ ಮೆದು ನೀರು ಎಲ್ಲಾರಿಗೂ ಅಮೃತ ಅಲ್ಲ. ಸಿಲ್ವರ್ ಕಾರ್ಪ್ (ನಮ್ಮ ಬೆಳ್ಳಿಗೆಂಡೆ) ಮೊಟ್ಟಿ ಮ್ಯಾಲೆ 1987ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸಿನ ಒಂದು ಅಧ್ಯಯನದಾಗ ಕಂಡದ್ದು ಉಲ್ಟಾ: 300-500 ಮಿಲಿಗ್ರಾಂ ಗಡಸು ನೀರಾಗ ಮರಿ ಛಲೋ ಒಡೆದವು, ಮೆದು ನೀರಾಗ ಮೊಟ್ಟಿ ವಿಪರೀತ ಉಬ್ಬಿ ಹರಿದುಹೋದವು.

ಗಪ್ಪಿಗೆ ಈ ತಾಪತ್ರಯನೇ ಇಲ್ಲ. ಮೊಟ್ಟಿ ಹೊರಗ ಇಡಂಗಿಲ್ಲ, ಹೊಟ್ಟಿಯೊಳಗಿಂದ ಮರಿನೇ ಹಾಕತೈತಿ, ಗಡಸು ನೀರು ಅಂದ್ರ ಖುಷಿ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಸೊಳ್ಳೆಮರಿ ತಿನ್ನೋ ಮೀನು ಬಿಟ್ಟಾಗ ಗಪ್ಪಿಯೂ ಅದರಾಗ ಇತ್ತು. ಬಾವಿಯೊಳಗಿದ್ರ ಸರಿ. ಆದ್ರ ಹೆಚ್ಚಾದ ಮರಿ ತಂದು ವರದೆಗೆ ಸುರಿಯೋರು ಅದಾರ, ಅದು ಬ್ಯಾಡ್ರಿ. ಅಲ್ಲಿ ನಮ್ಮವೇ ಸಣ್ಣ ಮೀನು ಅದಾವ.

ನಮ್ಮವು ಅಂದೆ ನೋಡ್ರಿ, ಫೋಟೋ 5 ನೋಡ್ರಿ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿಗೆ ಬಂದು ವರದೆ ನೋಡಿ ಹೋದ. ಅವನೇ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ತಂದು, ಅದರಾಗ ಜೀಬ್ರಾ ಮೀನಿಗೆ ಹೆಸರಿಟ್ಟ. ಆ ಪುಸ್ತಕಕ್ಕ ಮೀನು ಬರೆದುಕೊಟ್ಟ ಬಂಗಾಳಿ ಕಲಾವಿದನ ಹೆಸರು ಹಾಲುದಾರ ಅಂತ ಅಷ್ಟೇ ಗೊತ್ತು, ಪೂರ್ತಿ ಹೆಸರು ಉಳಿದಿಲ್ಲ. 2013ರಲ್ಲಿ ಪಶ್ಚಿಮ ಘಟ್ಟದ ಮೆಲನ್ ಬಾರ್ಬ್ ಕುಲಕ್ಕೆ 'ಹಾಲುದಾರಿಯಾ' ಅಂತ ಹೆಸರು ಕೊಟ್ಟರು. ಕೆಂಪು ಮೈಗೆ ಕರಿ ಪಟ್ಟಿ, ನಮ್ಮದೇ ಘಟ್ಟದ ಹಳ್ಳದ ಮೀನು. ಅದನ್ನ ತಂದು ಬೋರಿನ ನೀರಿಗೆ ಹಾಕಿದ್ರ, ನಿಯಾನಿನಂಗ ಅದೂ ಪರದೇಶಿನೇ.

ಮಾಡಿ ನೋಡೋರಿಗೆ: ಕಾರಹುಣ್ಣಿವಿ ಆದ ಮ್ಯಾಲೆ ಮಳಿ ಜೋರಾದಾಗ ಬಯಲಿನಾಗ ಸ್ವಚ್ಛ ಪ್ಲಾಸ್ಟಿಕ್ ಹಾಳಿ ಕಟ್ಟಿ ನೀರು ಹಿಡೀರಿ, ಮೊದಲ ಹತ್ತು ನಿಮಿಷದ್ದು ಚೆಲ್ರಿ. ಸ್ಲ್ಯಾಬಿನ ಮ್ಯಾಲಿನ ನೀರು ಬ್ಯಾಡ, ಸಿಮೆಂಟು ಮತ್ತ ಸುಣ್ಣ ಬಿಡತೈತಿ. ತಗಡಿನದೂ ಬ್ಯಾಡ, ಸತುವು ಮೊಟ್ಟಿಗೆ ಆಗಂಗಿಲ್ಲ. ಬೋರಿನ ನೀರು 400 ಇದ್ರ, ಅದರ ಒಂದು ಪಾಲಿಗೆ ಒಂಬತ್ತು ಪಾಲು ಮಳಿ ನೀರು ಕೂಡಿಸಿದ್ರ ಸುಮಾರು 40ಕ್ಕ ಬರತೈತಿ. ಮಳಿ ಇಲ್ಲದಾಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ನಡಿತೈತಿ, ಆದ್ರ ಮೊದಲು ಟೆಸ್ಟ್ ಪಟ್ಟಿ ಅದ್ದಿ ನೋಡ್ರಿ. ಮೀನನ್ನ ಒಮ್ಮೆಲೇ ಬದಲಿಸಬ್ಯಾಡ್ರಿ, ನಾಕೈದು ದಿನ ದಿನಕ್ಕಿಷ್ಟು ನೀರು ಬದಲಿಸ್ಕೊಂತ ಹೋಗ್ರಿ.

ಭಾಗ 5: ಹಾವೇರಿ ಜಿಲ್ಲೆಯ ಕೆರೆಗಳು.

#ಕರ್ಜಗಿ #ವರದಾ #ನೀರಿನಕಥಿ