ಕಫೀಲ್: ಹೊಣೆ ಹೊತ್ತವನು ಒಡೆಯನಾದ ಬಗೆ

ಭಟ್ಕಳ, ಉಡುಪಿ, ಮಂಗಳೂರು ಕಡೆಯ ಹುಡುಗನೊಬ್ಬ ಸೌದಿಗೋ ಕುವೈತಿಗೋ ಹೋದನೆಂದರೆ, ಸಂಬಳ ಎಷ್ಟೆಂದು ಕೇಳುವ ಮೊದಲೇ ಊರಿನ ಹಿರಿಯರು ಫೋನಿನಲ್ಲಿ ಕೇಳುವ ಮಾತೊಂದಿದೆ: 'ಕಫೀಲ್ ಹೇಗಿದ್ದಾನೆ?' ಬಹಳ ಜನರ ಅನುಭವ ಸೇರಿ ಹುಟ್ಟಿದ ಪ್ರಶ್ನೆ ಅದು. ಸಂಬಳ ಕಡಿಮೆಯಾದರೆ ಹೇಗೋ ಸುಧಾರಿಸಬಹುದು, ಬಿಸಿಲಿನ ಕೆಲಸ ನಾಲ್ಕು ತಿಂಗಳಲ್ಲಿ ರೂಢಿಯಾಗುತ್ತದೆ. ಆದರೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದಾಗ ಬಿಟ್ಟುಕೊಡುವುದು, ರಜೆಗೆ ಊರಿಗೆ ಕಳಿಸುವುದು, ವಾಸ್ತವ್ಯದ ಚೀಟಿಯನ್ನು ವರ್ಷ ವರ್ಷ ನವೀಕರಿಸುವುದು, ಎಲ್ಲವೂ ಹುಡುಗನನ್ನು ಕರೆಸಿಕೊಂಡ ಆ ಕಫೀಲನೊಬ್ಬನ ಮರ್ಜಿಗೆ ಬಿಟ್ಟದ್ದಾಗಿತ್ತು. 1970ರ ದಶಕದಲ್ಲಿ ತೈಲದ ಬೆಲೆ ಏರಿ, ಮುಂಬಯಿ ದಾರಿಯಾಗಿ ನಮ್ಮವರು ಕೊಲ್ಲಿಯ ದೇಶಗಳಿಗೆ ಹೋಗತೊಡಗಿದಾಗ ಈ ಪದ ಅವರ ಜೊತೆಗೇ ಕರಾವಳಿಗೆ ಬಂತು. ಬ್ಯಾರಿ, ನವಾಯತಿ, ತುಳು, ಕೊಂಕಣಿ, ಕನ್ನಡ ಎಂಬ ಭೇದವಿಲ್ಲದೆ ಎಲ್ಲ ಮನೆಮಾತಿನವರೂ ಅದನ್ನು ಇದ್ದಂತೆಯೇ ಇಟ್ಟುಕೊಂಡರು.

ಅರಬ್ಬಿಯಲ್ಲಿ ಇದರ ಬೇರು ಕ-ಫ-ಲ ಎಂಬ ಮೂರು ವ್ಯಂಜನ. ಈ ಬೇರಿನಿಂದ ಹುಟ್ಟಿದ 'ಕಿಫ್ಲ್' ಎಂದರೆ ಪಾಲು. ಒಂಟೆಯ ಬೆನ್ನಿಗೆ ಸುತ್ತಿ ಸವಾರನನ್ನು ಕೂರಿಸುವ ಬಟ್ಟೆಗೂ ಹಳೆಯ ನಿಘಂಟುಗಳು ಅದೇ ಹೆಸರು ಕೊಡುತ್ತವೆ. 'ಕಫಲ' ಎಂಬ ಕ್ರಿಯಾಪದಕ್ಕೆ ಸಾಕು, ಸಲಹು, ಇನ್ನೊಬ್ಬರ ಭಾರವನ್ನು ತನ್ನ ಮೇಲೆ ಹೊತ್ತುಕೋ ಎಂಬ ಅರ್ಥ. ಕುರ್‌ಆನಿನಲ್ಲಿ ಮರ್ಯಮ್ ಎಂಬ ಮಗುವಿನ ಪಾಲನೆ ಯಾರದೆಂಬ ಪ್ರಶ್ನೆ ಬರುತ್ತದೆ. ಹಿರಿಯರು ತಮ್ಮ ಲೇಖನಿಗಳನ್ನು ಎಸೆದು ಚೀಟಿ ಎತ್ತಿದಂತೆ ನಿರ್ಣಯಿಸುತ್ತಾರೆ, ಮಗು ಝಕರಿಯ್ಯಾರ ಪಾಲಿಗೆ ಬರುತ್ತದೆ. ಅಲ್ಲಿ ಬಳಕೆಯಾದದ್ದು ಇದೇ ಕ್ರಿಯಾಪದ. ಅನಾಥ ಮಗುವಿನ ಕಫೀಲ್ ಆದವನು ಸ್ವರ್ಗದಲ್ಲಿ ತನಗೆ ಎಷ್ಟು ಹತ್ತಿರವಿರುತ್ತಾನೆ ಎಂಬುದನ್ನು ಪ್ರವಾದಿ ತೋರುಬೆರಳು, ನಡುಬೆರಳು ಎತ್ತಿ ತೋರಿಸಿದರೆಂಬ ಹದೀಸ್ ನಮ್ಮೂರಿನ ಮಸೀದಿಗಳ ಪ್ರವಚನದಲ್ಲೂ ಕೇಳಿಬರುತ್ತದೆ. ಪದ ಹುಟ್ಟಿದ ಮನೆ ಇದು, ಹಸಿದ ಮಗು ಮತ್ತು ಅದಕ್ಕೆ ಅನ್ನ ಹಾಕುವವರ ಮನೆ.

ನ್ಯಾಯಶಾಸ್ತ್ರದವರ ಕೈಗೆ ಬಂದ ಮೇಲೆ ಪದ ಬಿಗಿಯಾಯಿತು. ಅವರ ಗ್ರಂಥಗಳಲ್ಲಿ ಕಫಾಲಾ ಎಂಬುದಕ್ಕೆ ಒಂದು ಪೂರ್ತಿ ಅಧ್ಯಾಯವೇ ಇರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಮರ್ಗೀನಾನಿ ಬರೆದ 'ಹಿದಾಯಾ'ದಲ್ಲಿ ಅದು ಇದೆ. ಈ ಗ್ರಂಥವನ್ನು ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಕಂಪನಿ ಸರ್ಕಾರದ ನ್ಯಾಯಾಲಯಗಳೂ ಅದನ್ನು ತಿರುವಿ ಹಾಕುತ್ತಿದ್ದವು. ಕಫಾಲಾದಲ್ಲಿ ಎರಡು ಬಗೆ. ಸಾಲಗಾರ ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಹಣಕ್ಕೆ ನಿಲ್ಲುವುದು ಒಂದು. ಕರೆದ ದಿನ ಈ ಮನುಷ್ಯನನ್ನು ತಂದು ನಿಲ್ಲಿಸುತ್ತೇನೆ ಎಂದು ಆಳಿಗೆ ನಿಲ್ಲುವುದು ಇನ್ನೊಂದು. ಎರಡನೆಯದರಲ್ಲಿ ಆ ಮನುಷ್ಯ ತಪ್ಪಿಸಿಕೊಂಡರೆ, ತಂದು ನಿಲ್ಲಿಸಲು ಶಕ್ತಿಯಿದ್ದೂ ತಾರದ ಕಫೀಲನನ್ನೇ ಕಾಜಿ ಬಂದಿಯಾಗಿಡಬಹುದು ಎಂಬುದು ಹನಫಿ ಪಂಥದ ನಿಯಮ. ಇನ್ನೊಂದು ನಿಯಮವನ್ನು ಬಹುಪಾಲು ಪಂಡಿತರು ಒಪ್ಪಿದ್ದಾರೆ: ಕಫಾಲಾ ಉಪಕಾರದ ಕೆಲಸ, ಅದಕ್ಕೆ ಕೂಲಿಯಾಗಲಿ ಶುಲ್ಕವಾಗಲಿ ಪಡೆಯುವಂತಿಲ್ಲ. ಹೊಣೆ ನಿಲ್ಲುವುದನ್ನು ವ್ಯಾಪಾರ ಮಾಡಿಕೊಳ್ಳಬಾರದು ಎಂದು ಅವರು ಸ್ಪಷ್ಟವಾಗಿಯೇ ಬರೆದಿಟ್ಟರು. ಮುಂದಿನ ಕಥೆಗೆ ಇವೆರಡೂ ಬೇಕು.

ಈ ಎರಡು ಬಗೆಯ ಹೊಣೆಗಾರಿಕೆ ನಮಗೆ ಹೊಸದೇನಲ್ಲ. ಅರಬ್ಬಿಯಲ್ಲಿ ಕಫೀಲನ ಸಮೀಪದ ನಂಟ 'ದಾಮಿನ್'. ಅದು ಫಾರಸಿಯ ಬಾಯಲ್ಲಿ 'ಝಾಮಿನ್' ಆಗಿ, ದಖ್ಖನಿನ ಸುಲ್ತಾನರ ಕಚೇರಿಗಳ ಮೂಲಕ ಕನ್ನಡಕ್ಕೆ 'ಜಾಮೀನು' ಆಗಿ ಬಂದು ಕೂತಿದೆ. ಆ ಕಚೇರಿಗಳಲ್ಲಿ ಆಳಿಗೆ ನಿಂತರೆ ಹಾಜಿರ್ ಜಾಮೀನು, ಹಣಕ್ಕೆ ನಿಂತರೆ ಮಾಲ್ ಜಾಮೀನು. ಅವು ಬರುವ ಎಷ್ಟೋ ಮೊದಲೇ ನಮ್ಮಲ್ಲಿ 'ಪೊಣೆ' ಇತ್ತು, ಅದೇ ಇಂದಿನ ಹೊಣೆ, ತಮಿಳಿನಲ್ಲಿ 'ಪುಣೈ'. ಒಂದೇ ಕೆಲಸಕ್ಕೆ ಮೂರು ಕಾಲದ ಮೂರು ಪದಗಳು ಇವತ್ತು ಒಬ್ಬನೇ ಕರಾವಳಿಯವನ ಬಾಯಲ್ಲಿವೆ. ಹೊಣೆ ಎಂದಾಗ ಅವನಿಗೆ ಕರ್ತವ್ಯ ನೆನಪಾಗುತ್ತದೆ, ಜಾಮೀನು ಎಂದಾಗ ಕೋರ್ಟು, ಕಫೀಲ್ ಎಂದಾಗ ಭಯ.

ಭಯ ಎಲ್ಲಿಂದ ಸೇರಿತು? ಒಮರ್ ಅಲ್‌ಶೆಹಾಬಿ ಎಂಬ ವಿದ್ವಾಂಸರು ಇದರ ಜಾಡನ್ನು 1920ರ ದಶಕದ ಬಹರೈನಿಗೆ ಕೊಂಡೊಯ್ಯುತ್ತಾರೆ. ಆಗ ಆ ದ್ವೀಪದ ಬದುಕೆಲ್ಲ ಮುತ್ತಿನ ಮೇಲೆ ನಿಂತಿತ್ತು. ಮುತ್ತಿನ ದೋಣಿಯ ನಾಖುದಾ, ಅಂದರೆ ದೋಣಿಯ ನಾಯಕ, ಮುಳುಗುಗಾರರಿಗೆ ಮುಂಗಡ ಕೊಟ್ಟು ಕರೆತರುತ್ತಿದ್ದ. ಹೊರಗಿನಿಂದ ಬರುವ ಈ ಜನರ ಮೇಲೆ ಕಣ್ಣಿಡಲು ಬ್ರಿಟಿಷ್ ಆಡಳಿತಕ್ಕೆ ಪೊಲೀಸರೂ ಹಣವೂ ಸಾಲದಾಯಿತು. ಅದಕ್ಕೆ ಸಿಕ್ಕ ಅಗ್ಗದ ದಾರಿ, ಕರೆತಂದವನೇ ಅವರಿಗೆ ಜವಾಬ್ದಾರನೆಂದು ಬರೆಸಿಕೊಳ್ಳುವುದು. ತೈಲ ಸಿಕ್ಕಿ, ಕುವೈತಿನ 1959ರ ವಿದೇಶೀಯರ ವಾಸ್ತವ್ಯದ ಕಾನೂನಿನಂಥವು ಒಂದೊಂದಾಗಿ ಬಂದಾಗಲೂ, ದೇಶಗಳು ಸ್ವತಂತ್ರವಾದ ಮೇಲೂ ಈ ತರ್ಕವೇ ಉಳಿಯಿತು. ಹೊರಗಿನವನು ದೇಶದೊಳಗೆ ಇರಬೇಕಾದರೆ ಆ ದೇಶದ ಪ್ರಜೆಯೋ ಅಲ್ಲಿನ ಸಂಸ್ಥೆಯೋ ಅವನಿಗೆ ಹೊಣೆ ನಿಲ್ಲಬೇಕು.

ಪದ ಮಗ್ಗುಲು ಬದಲಿಸಿದ್ದು ಇಲ್ಲಿ. ಹಳೆಯ ಕಫಾಲಾದಲ್ಲಿ ಕಫೀಲ್ ನಿಲ್ಲುತ್ತಿದ್ದದ್ದು ದುರ್ಬಲನ ಬೆನ್ನಿಗೆ, ಅವನ ಕಷ್ಟದ ಹೊತ್ತಿನಲ್ಲಿ. ಹೊಸದರಲ್ಲಿ ಅವನು ಮಾತು ಕೊಡುವುದು ಸರ್ಕಾರಕ್ಕೆ, ಕೆಲಸಗಾರನ ಕುರಿತು. ಆಳು ಎಲ್ಲಾದರೂ ಹೋದರೆ ತಾನು ಉತ್ತರ ಕೊಡಬೇಕಾದ ಮನುಷ್ಯ ಮೊದಲು ಮಾಡುವ ಕೆಲಸವೆಂದರೆ ಆಳಿನ ಪಾಸ್‌ಪೋರ್ಟನ್ನು ತನ್ನ ಕಪಾಟಿನಲ್ಲಿಡುವುದು. ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದೆಂದು ಈ ದೇಶಗಳ ಕಾನೂನು ಹೇಳಿದ ಮೇಲೂ ಆ ಅಭ್ಯಾಸ ಪೂರ್ತಿ ಹೋಗಲಿಲ್ಲ. ಭಾರ ಹೊರುವವನೆಂಬ ಅರ್ಥ ಹಿಡಿದಿಡುವವನೆಂದು ತಿರುಗಿತು. ಎಮಿರೇಟ್ಸ್, ಒಮಾನ್ ಕಡೆ ಇವನನ್ನೇ 'ಅರ್ಬಾಬ್' ಎನ್ನುವುದುಂಟು. ಅದರ ಮೂಲ 'ರಬ್ಬ್', ಅಂದರೆ ಒಡೆಯ. ಆ ಪದಕ್ಕೆ ಮರೆಮಾಚುವುದೇನೂ ಇಲ್ಲ.

ಕೂಲಿ ಪಡೆಯಬಾರದೆಂಬ ನಿಯಮಕ್ಕೆ ಆದ ಗತಿಯನ್ನು ತಿಳಿಯಲು 'ಆಜಾದ್ ವೀಸಾ' ಎಂಬ ಮಾತನ್ನು ನೋಡಬೇಕು. ಹೆಸರು ಸ್ವಾತಂತ್ರ್ಯದ್ದು, ಕಾನೂನಿನಲ್ಲಿ ಅಂಥ ವೀಸಾ ಇಲ್ಲ. ಒಬ್ಬ ಕಫೀಲ್ ತನ್ನ ಅಂಗಡಿಗೋ ಮನೆಗೋ ಆಳು ಬೇಕೆಂದು ವೀಸಾ ತೆಗೆಸುತ್ತಾನೆ, ಬಂದವನನ್ನು ಹೊರಗೆ ಎಲ್ಲಿ ಬೇಕಾದರೂ ದುಡಿದುಕೋ ಎಂದು ಬಿಡುತ್ತಾನೆ, ಬದಲಿಗೆ ತಿಂಗಳಿಗೋ ವರ್ಷಕ್ಕೋ ಇಷ್ಟು ಎಂದು ವಸೂಲಿ ಮಾಡುತ್ತಾನೆ. ವೀಸಾ ಕೊಳ್ಳಲು ಊರಿನಲ್ಲಿ ಬಂಗಾರ ಅಡವಿಗೆ ಬಿದ್ದಿರುತ್ತದೆ. ತಪಾಸಣೆಯಲ್ಲಿ ಸಿಕ್ಕರೆ ಕಾರ್ಡಿನಲ್ಲಿರುವ ಹೆಸರೊಂದು, ದುಡಿಯುವ ಜಾಗವೊಂದು ಎಂದು ಕೆಲಸಗಾರ ಗಡೀಪಾರಾಗುತ್ತಾನೆ. 2011ರಲ್ಲಿ ಸೌದಿ ಸರ್ಕಾರ ಕಂಪನಿಗಳು ಸ್ಥಳೀಯರಿಗೂ ಕೆಲಸ ಕೊಡಬೇಕೆಂಬ ನಿತಾಖಾತ್ ಯೋಜನೆ ತಂದು, 2013ರಲ್ಲಿ ದಾಖಲೆ ಸರಿಪಡಿಸಿಕೊಳ್ಳಲು ಗಡುವು ಕೊಟ್ಟಾಗ ಗಾಬರಿಯಿಂದ ಓಡಾಡಿದವರಲ್ಲಿ ಈ ಆಜಾದ್‌ಗಳು ಬಹಳ ಮಂದಿ. ಅದೇ ನಿತಾಖಾತ್ ಇನ್ನು ಕೆಲವರಿಗೆ ದಾರಿಯನ್ನೂ ತೆರೆಯಿತು. ಸ್ಥಳೀಯರನ್ನು ಸಾಕಷ್ಟು ಸೇರಿಸಿಕೊಳ್ಳದೆ ಕೆಂಪು ಪಟ್ಟಿಗೆ ಬಿದ್ದ ಕಂಪನಿಯ ಕೆಲಸಗಾರ ಅದರ ಅನುಮತಿಯಿಲ್ಲದೆ ಬೇರೆಡೆಗೆ ಹೋಗಬಹುದಾಗಿತ್ತು.

ಹೀಗೆ ಬೇರೆಡೆಗೆ ಹೋಗುವುದಕ್ಕೆ ಸೌದಿಯಲ್ಲಿ 'ನಕಲ್ ಕಫಾಲಾ' ಎನ್ನುತ್ತಾರೆ. ನಕಲ್ ಎಂದರೆ ಸಾಗಿಸುವುದು, ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುವುದು. ಒಂದು ಹಾಳೆಯ ಬರಹವನ್ನು ಇನ್ನೊಂದು ಹಾಳೆಗೆ ಸಾಗಿಸುವುದರಿಂದ ನಮ್ಮ 'ನಕಲು' ಆಯಿತು. ಬತ್ಹಾ ರಿಯಾದಿನ ಹಳೆಯ ಪೇಟೆ. ಶುಕ್ರವಾರ ಸಂಜೆ ಅಲ್ಲಿನ ಚಹಾದಂಗಡಿಗಳಲ್ಲಿ ಈ ಪದ ಹತ್ತು ಭಾಷೆಗಳ ನಡುವೆ ಓಡಾಡುತ್ತಿರುತ್ತದೆ. ಪುತ್ತೂರು ಕಡೆಯ ಇಬ್ಬರ ನಡುವೆ ನಡೆಯುವ ಮಾತು ಇಂಥದ್ದು:

'ಎಂತ ಮಾರಾಯ, ನಕಲ್ ಆಯ್ತಾ?'

'ಎಲ್ಲಿ ಕಾಕಾ, ಕಫೀಲ್ ತನಾಝುಲ್ ಕೊಡುವುದಿಲ್ಲ. ಐದು ಸಾವಿರ ರಿಯಾಲ್ ಕೇಳ್ತಾನೆ.'

'ಕಾಗದ ಕೈಗೆ ಬಾರದೆ ಒಂದು ರಿಯಾಲೂ ಕೊಡಬೇಡ. ಇಕಾಮಾ ಯಾವಾಗ ಮುಗಿಯುವುದು?'

'ಮುಂದಿನ ತಿಂಗಳು.'

ತನಾಝುಲ್ ಎಂದರೆ ತನ್ನ ಹಕ್ಕಿನಿಂದ ಕೆಳಗಿಳಿಯುವುದು, ಬಿಟ್ಟುಕೊಡುವುದು. ಇಕಾಮಾ ಎಂದರೆ ನೆಲೆಸುವಿಕೆ. ಕಿಸೆಯಲ್ಲಿ ಇರಬೇಕಾದ ಆ ಕಾರ್ಡಿನಲ್ಲಿ ಕೆಲಸಗಾರನ ಫೋಟೋ, ಅವನ ಹುದ್ದೆ, ಅವನನ್ನು ಕರೆಸಿದವರ ಹೆಸರು ಒಟ್ಟಿಗೇ ಅಚ್ಚಾಗಿರುತ್ತವೆ. ನಕಲ್‌ಗೆ ಸರ್ಕಾರದ ಶುಲ್ಕ ಮೊದಲ ಸಲ 2,000 ರಿಯಾಲ್, ಎರಡನೆಯ ಸಲ 4,000, ಮೂರನೆಯದಕ್ಕೆ 6,000. ಅದನ್ನು ಹೊಸ ಮಾಲೀಕನೇ ಕಟ್ಟಬೇಕೆಂದು ಸೌದಿ ಕಾರ್ಮಿಕ ಕಾನೂನಿನ 40ನೆಯ ವಿಧಿ ಹೇಳುತ್ತದೆ. ಚಹಾದಂಗಡಿಯ ಹುಡುಗ ಹೇಳಿದ ಐದು ಸಾವಿರ ಇದರ ಹೊರಗಿನದು. ಹೊಣೆ ಇಳಿಸುವುದಕ್ಕೂ ಬೆಲೆ ಕಟ್ಟಿದ ಕಫೀಲನನ್ನು ಕಂಡಿದ್ದರೆ ಆ ಹಳೆಯ ಪಂಡಿತರು ಅವನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ, ಕಫೀಲ್ ಎಂದಂತೂ ಕರೆಯುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಕಫೀಲ್ ಒಪ್ಪದಿದ್ದಾಗ ಬಿಟ್ಟು ಹೋದವನಿಗೆ ಬೀಳುವ ಹಣೆಪಟ್ಟಿ 'ಹುರೂಬ್'. ಪಲಾಯನ ಎಂದರ್ಥ. ಮಾಲೀಕ ಕೂತಲ್ಲಿಯೇ ಒಂದು ದೂರು ದಾಖಲಿಸಿದರೆ ಸಾಕು, ಬ್ಯಾಂಕು, ಆಸ್ಪತ್ರೆ, ನಕಲ್ ಎಲ್ಲದರ ಬಾಗಿಲು ಮುಚ್ಚುತ್ತಿತ್ತು. ಸಂಬಳ ಕೇಳಿದ್ದಕ್ಕೇ ಹುರೂಬ್ ಹಾಕಿಸಿಕೊಂಡವರಿದ್ದಾರೆ. ಹಳೆಯ ನಿಯಮದಲ್ಲಿ ಬಂದಿಯಾಗಬೇಕಾದವನು ಆಳನ್ನು ತಂದು ನಿಲ್ಲಿಸದ ಕಫೀಲ್, ಹೊಸದರಲ್ಲಿ ಬಂದಿಖಾನೆ ಆಳಿಗೆ. 2022ರ ಅಕ್ಟೋಬರಿನಿಂದ ಸೌದಿ ಈ ಪದ್ಧತಿಯನ್ನು ಸಡಿಲಿಸಿತು. ಮಾಲೀಕನ ವರದಿ ಬಂದ ಕೂಡಲೇ 'ಕೆಲಸದಿಂದ ಸಂಪರ್ಕ ಕಡಿದವನು' ಎಂದಷ್ಟೇ ದಾಖಲಾಗುತ್ತದೆ, ಬೇರೆ ಕೆಲಸ ಹುಡುಕಲು ಅಥವಾ ದೇಶ ಬಿಡಲು 60 ದಿನ ಸಿಗುತ್ತವೆ. ಕಂಗೆಟ್ಟವನಿಗೆ ಆ 60 ದಿನ ದೊಡ್ಡದು.

ಇದಕ್ಕೆ ಬಹಳ ಮೊದಲೇ ಕಫೀಲ್ ಎಂಬ ಪದವೇ ಸರ್ಕಾರಗಳಿಗೆ ಮುಜುಗರ ತರತೊಡಗಿತ್ತು. ಸೌದಿಯ ಮಂತ್ರಿಮಂಡಲ 2000ದಲ್ಲಿಯೇ ಅದನ್ನು ಕೈಬಿಟ್ಟು 'ಸಾಹಿಬುಲ್ ಅಮಲ್', ಅಂದರೆ ಕೆಲಸದ ಯಜಮಾನ ಎಂದು ಬರೆಯಲು ನಿರ್ಣಯಿಸಿತು. ಪದ ಹೋಯಿತು, ಅನುಮತಿ ಪತ್ರ ಉಳಿಯಿತು. ಬಹರೈನ್ 2009ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಬಿಟ್ಟಿತು, 2011ರಲ್ಲಿ ಒಂದು ವರ್ಷ ಕಳೆದಿರಬೇಕು ಎಂದು ಮತ್ತೆ ಬಿಗಿ ಮಾಡಿತು. ಕತಾರಿನ 2015ರ ಕಾನೂನು, ಜಾರಿಯಾದದ್ದು 2016ರ ಡಿಸೆಂಬರಿನಲ್ಲಿ, ಕಫೀಲನ ಜಾಗದಲ್ಲಿ 'ಕರೆಸಿಕೊಂಡವನು' ಎಂಬರ್ಥದ ಪದವನ್ನಿಟ್ಟಿತು. ನಿಜವಾದ ಬದಲಾವಣೆಗೆ 2020ರವರೆಗೆ ಕಾಯಬೇಕಾಯಿತು. ವಿಶ್ವಕಪ್ಪಿನ ಕಟ್ಟಡಗಳ ಮೇಲೆ ಜಗತ್ತಿನ ಕಣ್ಣಿದ್ದ ಆ ವರ್ಷ ಎನ್‌ಓಸಿ ಎಂಬ ಮಾಲೀಕನ ಅನುಮತಿ ಪತ್ರ ರದ್ದಾಗಿ, ಎರಡು ವರ್ಷದೊಳಗಿನ ಸೇವೆಯವರು ಒಂದು ತಿಂಗಳ, ಅದಕ್ಕಿಂತ ಹೆಚ್ಚಿನವರು ಎರಡು ತಿಂಗಳ ಮುನ್ಸೂಚನೆ ಕೊಟ್ಟು ಹೋಗಬಹುದಾಯಿತು. 2021ರ ಜನವರಿಯಲ್ಲಿ ಒಮಾನ್ ಕೂಡ ಎನ್‌ಓಸಿ ಬಿಟ್ಟಿತು. ಎಮಿರೇಟ್ಸಿನಲ್ಲಿ 2022ರ ಫೆಬ್ರವರಿಯಿಂದ ನಡೆಯುತ್ತಿರುವ ಕಾನೂನಿನ ಪ್ರಕಾರ ಪ್ರೊಬೇಷನ್ ಅವಧಿಯಲ್ಲಿಯೂ ಒಂದು ತಿಂಗಳ ಮುನ್ಸೂಚನೆಯಲ್ಲಿ ಅಲ್ಲಿಯೇ ಇನ್ನೊಂದು ಕಂಪನಿಗೆ ಸೇರಬಹುದು.

ಸೌದಿಯಲ್ಲಿ ದೊಡ್ಡ ತಿರುವು 2021ರ ಮಾರ್ಚ್ 14ರಂದು ಬಂತು. ಒಂದು ವರ್ಷ ದುಡಿದ ಖಾಸಗಿ ಕಂಪನಿಯ ನೌಕರನಿಗೆ ಈಗ ತನಾಝುಲ್ ಬೇಡ. ಹೊಸ ಕಂಪನಿ ಸರ್ಕಾರದ ಕಿವಾ ಜಾಲತಾಣದಲ್ಲಿ ಕೋರಿಕೆ ಹಾಕುತ್ತದೆ, ನೌಕರ ತನ್ನ ಖಾತೆಗೆ ಹೋಗಿ ಒಪ್ಪುತ್ತಾನೆ, ಮುನ್ಸೂಚನೆಯ ದಿನಗಳು ಎಣಿಕೆಯಾಗತೊಡಗುತ್ತವೆ. ಮೂರು ತಿಂಗಳ ಸಂಬಳ ಬಾಕಿಯಿದ್ದರೆ, ಇಕಾಮಾ ಮುಗಿದಿದ್ದರೆ ಆ ಒಂದು ವರ್ಷಕ್ಕೂ ಕಾಯಬೇಕಿಲ್ಲ. ಒಪ್ಪಿಗೆಯ ಗುಂಡಿ ಕೆಲಸಗಾರನ ಬೆರಳ ತುದಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಅದನ್ನು ಮನಸಾರೆ ಹೊಗಳಬೇಕು, ಊರಿನಿಂದ ಹೊರಡುವ ಪ್ರತಿ ಹುಡುಗನಿಗೂ ಕಲಿಸಿ ಕಳಿಸಬೇಕು.

ಆದರೆ ಬತ್ಹಾದ ಆ ಹುಡುಗನ ಮಾತು ಸುಳ್ಳಲ್ಲ. ಅವನ ಇಕಾಮಾದಲ್ಲಿರುವ ಹುದ್ದೆ ಮನೆಯ ಡ್ರೈವರ್. 2021ರ ಸುಧಾರಣೆಯಿಂದ ಹೊರಗೆ ಉಳಿದವರು ಮನೆಗೆಲಸದವರು, ಮನೆಯ ಚಾಲಕರು, ತೋಟದ ಮಾಲಿಗಳು, ಹೊಲದಲ್ಲಿ ದುಡಿಯುವವರು, ಮರುಭೂಮಿಯಲ್ಲಿ ಕುರಿ ಒಂಟೆ ಕಾಯುವವರು. ಸಂಬಳ ನಿಂತುಹೋದಂಥ ಕೆಲವು ಪ್ರಸಂಗ ಬಿಟ್ಟರೆ ಅವರಿಗೆ ಇನ್ನೂ ಒಬ್ಬ ಮನುಷ್ಯನ ಒಪ್ಪಿಗೆಯೇ ಬೇಕು. ಕುವೈತಿನಲ್ಲೂ ಹಾಗೆಯೇ: ಮನೆಗೆಲಸದ 20ನೆಯ ವಿಧಿಯ ವೀಸಾದವರು, ನಮ್ಮವರ ಬಾಯಲ್ಲಿ 'ಖಾದಿಮ್ ವೀಸಾ'ದವರು, ಕಂಪನಿಗಳ 18ನೆಯ ವಿಧಿಗೆ ಬದಲಾಗಲು 2024ರ ಜುಲೈಯಿಂದ ಸೆಪ್ಟೆಂಬರ್ ನಡುವೆ ಎರಡು ತಿಂಗಳು ಕಿಟಕಿ ತೆರೆದು ಮತ್ತೆ ಮುಚ್ಚಲಾಯಿತು. ಕಂಪನಿಯ ಇಂಜಿನಿಯರಿನ ಮಾತಿನಿಂದ ಕಫೀಲ್ ಎಂಬ ಪದ ಮೆಲ್ಲಗೆ ಜಾರುತ್ತಿದೆ, ಅವನೀಗ ಸ್ಪಾನ್ಸರ್ ಎನ್ನುತ್ತಾನೆ, ಎಂಪ್ಲಾಯರ್ ಎನ್ನುತ್ತಾನೆ. ಅಡುಗೆಮನೆ, ಕಾರು, ತೋಟ, ಕುರಿದೊಡ್ಡಿ ಇರುವಲ್ಲಿ ಪದಕ್ಕೆ ಇನ್ನೂ ಪೂರ್ತಿ ಬಲವಿದೆ.

ಅದೇ ದೇಶಗಳಲ್ಲಿ ಪದದ ಹಳೆಯ ಜೀವವೂ ಆರಿಲ್ಲ. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 20ನೆಯ ವಿಧಿ ದಿಕ್ಕಿಲ್ಲದ ಮಗುವನ್ನು ನೋಡಿಕೊಳ್ಳುವ ಬಗೆಗಳನ್ನು ಹೇಳುವಾಗ ದತ್ತು ಸ್ವೀಕಾರದ ಜೊತೆಗೆ ಇಸ್ಲಾಮೀ ಕಾನೂನಿನ ಕಫಾಲಾವನ್ನೂ ಹೆಸರಿಸುತ್ತದೆ. ಮೊರಾಕೊ, ಅಲ್ಜೀರಿಯಾಗಳಲ್ಲಿ ಒಬ್ಬ ತಾಯಿ ಕಫಾಲಾ ಪತ್ರ ಹಿಡಿದು ನ್ಯಾಯಾಲಯದಿಂದ ಹೊರಬಂದಳೆಂದರೆ ಅವಳ ಕೈಯಲ್ಲಿ ಒಂದು ಕೂಸಿದೆ ಎಂದು ಅರ್ಥ. ಕೊಲ್ಲಿಯ ದತ್ತಿ ಸಂಸ್ಥೆಗಳು ರಂಜಾನಿನಲ್ಲಿ ಅನಾಥರ ಕಫಾಲಾಕ್ಕೆ ಹಣ ಕೊಡಿರೆಂದು ಬೀದಿಗಳಲ್ಲಿ ಫಲಕ ಹಾಕುತ್ತವೆ, ಜನ ಧಾರಾಳವಾಗಿ ಕೊಡುತ್ತಾರೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಆ ಫಲಕವನ್ನು ಓದುವ ಯಜಮಾನನೂ ಮುಂದೆ ಸ್ಟಿಯರಿಂಗ್ ಹಿಡಿದ ನಮ್ಮೂರಿನ ಹುಡುಗನೂ ಒಂದೇ ಪದವನ್ನು ಬಲ್ಲವರು. ಮನೆಯ ಚಾಲಕರನ್ನೂ ಕಿವಾದಂಥ ವ್ಯವಸ್ಥೆಯೊಳಗೆ ತಂದು, ವರ್ಷ ಕಳೆದ ಮೇಲೆ ಒಪ್ಪಿಗೆಯನ್ನು ಅವರಿಗೇ ಬಿಡುವುದಕ್ಕೆ ಆ ಪದದ ಮೊದಲ ಅರ್ಥದಲ್ಲಿ ಯಾವ ಅಡ್ಡಿಯೂ ಇಲ್ಲ.